ಸಿಸ್ಟಾಟಿನ್ ಸಿ ಪಪೈನನ್ನು ಪೂರ್ತಿ ನಿಲ್ಲಿಸ್ತಿಲ್ವಾ? ತಪ್ಪು ಎಲ್ಲುಂಟು ಅಂತ ಹುಡುಕುದು ಹೀಗೆ

ಆಟಿ ತಿಂಗಳ ಒಂದು ಮಧ್ಯಾಹ್ನ, ಎದುರಿನ ತೋಟದ ಕಂಗು ಸಹ ಕಾಣದ ಹಾಗೆ ಮಳೆ ಹೊಯ್ತಾ ಇತ್ತು, ನಮ್ಮ ಲ್ಯಾಬಿನ ಜೂನಿಯರ್ ಹುಡುಗಿ, ಬದಿಯಡ್ಕ ಕಡೆಯವಳು, ಪ್ಲೇಟ್ ರೀಡರಿನ ಗ್ರಾಫ್ ಹಿಡ್ಕೊಂಡು ಬಂದು "ಅಣ್ಣಾ, ಇನ್ಹಿಬಿಟರ್ ಹಾಳಾಗಿದೆ, ಇನ್ನು ಎಂತ ಮಾಡುದು" ಅಂತ ಕೇಳಿದ್ಲು. ಪಪೈನ್ ಅಂದ್ರೆ ಪ್ರೊಟೀನ್ ಕತ್ತರಿಸುವ ಎನ್‌ಝೈಮ್, ಇನ್ಹಿಬಿಟರ್ ಅಂದ್ರೆ ಅದನ್ನು ನಿಲ್ಲಿಸುವ ವಸ್ತು, ಇಲ್ಲಿ ಸಿಸ್ಟಾಟಿನ್ ಸಿ. ಹಿಂದಿನ ತಿಂಗಳು 10 ನ್ಯಾನೊಮೋಲಾರ್ ಪಪೈನಿಗೆ 10 ನ್ಯಾನೊಮೋಲಾರ್ ಸಿಸ್ಟಾಟಿನ್ ಸಿ ಹಾಕಿದ್ರೆ ಪಪೈನ್ ಪೂರ್ತಿ ನಿಲ್ತಿತ್ತು, ಈಗ ಅದೇ ಬ್ಯಾಚಿನ ಟ್ಯೂಬಿಂದ ಅಷ್ಟೇ ಹಾಕಿದ್ರೆ ನೂರಕ್ಕೆ 54ರಷ್ಟು ಮಾತ್ರ ನಿಲ್ಲುದು, ಬಾಕಿ 46 ಆರಾಮಾಗಿ ಓಡ್ತಾ ಉಂಟು. ಆ ವಾರ ಗಾಳಿಮಳೆಗೆ ರಾತ್ರಿಯಿಡೀ ಕರೆಂಟ್ ಇರ್ಲಿಲ್ಲ, ಫ್ರೀಜರ್ ಅಲಾರಂ ಸಹ ಹೊಡೆದಿತ್ತು, ಹಾಗಾಗಿ ಎಲ್ರೂ ಸೇರಿ ಫ್ರೀಜರಿನದ್ದೇ ತಪ್ಪು ಅಂತ ತೀರ್ಮಾನ ಮಾಡಿ ಆಗಿತ್ತು. ಟೀಚರ್ ಮಾತ್ರ "ಮೊದ್ಲು ನೋಡು, ಮತ್ತೆ ಬಿಸಾಡು" ಅಂದ್ರು. ನೋಡ್ಲಿಕ್ಕೆ ನಾಲ್ಕು ದಿನ ಹಿಡೀತು, ಫ್ರೀಜರಿನದ್ದು ತಪ್ಪೇ ಅಲ್ಲ ಅಂತ ಗೊತ್ತಾಯ್ತು. ಆ ನಾಲ್ಕು ದಿನ ಮಾಡಿದ್ದನ್ನೇ ಇಲ್ಲಿ ಬರೀತಾ ಇದ್ದೇನೆ, ಯಾಕಂದ್ರೆ ಈ ಪ್ರೊಟೀನ್ ಹಿಡ್ಕೊಂಡು ಕೆಲಸ ಮಾಡುವ ಮಕ್ಕಳು ನಮ್ಮ ಕಡೆಯಿಂದ ಈಗ ಸುಮಾರು ಜನ ಇದ್ದಾರೆ, ಕನ್ನಡ ಮೀಡಿಯಮಲ್ಲಿ ಕಲಿತು ಬಂದವರಿಗೆ ಇದನ್ನು ನಮ್ಮ ಮಾತಲ್ಲಿ ಹೇಳುವವರು ಒಬ್ರಾದ್ರೂ ಬೇಕು.

ಸಿಸ್ಟಾಟಿನ್ ಸಿ ಅಂದ್ರೆ ಎಂತ ಅಂತ ಸ್ವಲ್ಪ ಹೇಳ್ತೇನೆ. ಕಿಡ್ನಿ ಹೇಗುಂಟು ಅಂತ ನೋಡ್ಲಿಕ್ಕೆ ರಕ್ತದಲ್ಲಿ ಅಳೀತಾರಲ್ಲ, ಅದೇ ಪ್ರೊಟೀನ್. 1961ರಲ್ಲೇ ಮೆದುಳಿನ ನೀರಲ್ಲಿ ಕಂಡಿತ್ತು, ಗಾಮಾ ಟ್ರೇಸ್ ಅಂತ ಹೆಸರಿಟ್ಟಿದ್ರು, 1982ರಲ್ಲಿ ಅದರ ಅಮೈನೊ ಆಸಿಡ್ ಸಾಲು ಗೊತ್ತಾಯ್ತು, 1984ರಲ್ಲಿ ಇದು ಪಪೈನ್ ಜಾತಿಯ ಎನ್‌ಝೈಮ್‌ಗಳನ್ನು, ಅಂದ್ರೆ ಸಿಸ್ಟೀನ್ ಪ್ರೊಟಿಯೇಸ್‌ಗಳನ್ನು ಕಟ್ಟಿಹಾಕುವ ಇನ್ಹಿಬಿಟರ್ ಅಂತ ಗೊತ್ತಾಯ್ತು. ಸಣ್ಣ ಪ್ರೊಟೀನ್, 120 ಅಮೈನೊ ಆಸಿಡ್, 13.3 ಕಿಲೊಡಾಲ್ಟನ್, ಒಳಗೆ ಎರಡು ಡೈಸಲ್ಫೈಡ್ ಬಂಧ. ಲ್ಯಾಬಿಗೆ ಬರುವ ರೀಕಾಂಬಿನೆಂಟ್ ಹ್ಯೂಮನ್ ಸಿಸ್ಟಾಟಿನ್ ಸಿ ಈ. ಕೋಲಿಯಲ್ಲೋ ಸಾಕಿದ ಮನುಷ್ಯನ ಸೆಲ್ಲಲ್ಲೋ ಮಾಡಿದ್ದು, ಹೆಚ್ಚಾಗಿ ಹಿಸ್ ಟ್ಯಾಗ್, ಅಂದ್ರೆ ಶುದ್ಧ ಮಾಡ್ಲಿಕ್ಕೆ ಅಂಟಿಸಿದ ಸಣ್ಣ ತುಂಡು, ಇರ್ತದೆ. ನಾವು ಹೇಳುವ ಬ್ಯಾಚ್ ನಮ್ಮ ಲ್ಯಾಬಲ್ಲೇ ಈ. ಕೋಲಿಯಲ್ಲಿ ಮಾಡಿದ್ದು, ಹೋಲಿಸಿ ನೋಡ್ಲಿಕ್ಕೆ ಅಂತ ಹೊರಗಿಂದ ತರಿಸಿದ ಒಂದು ವಯಲ್ ಸಹ ಇತ್ತು. ಟೆಸ್ಟಿಗೆ ಪಪೈನ್ ಯಾಕೆ ಅಂದ್ರೆ ಅದು ಸುಲಭದಲ್ಲಿ ಸಿಗ್ತದೆ, ಸಿಸ್ಟಾಟಿನ್ ಅದನ್ನು ಹಿಡಿದ್ರೆ ಬಿಡುದೇ ಇಲ್ಲ. ನಮ್ಮಲ್ಲಿ ಕೋಳಿ ಬೇಯ್ಲಿಕ್ಕೆ ಹಸಿ ಬಪ್ಪಂಗಾಯಿ ತುಂಡು ಹಾಕ್ತಾರಲ್ಲ, ಬಪ್ಪಂಗಾಯಿ ಕೊಯ್ಯುವಾಗ ಕೈಗೆ ಹಾಲು ತಾಗಿ ತುರಿಸ್ತದಲ್ಲ, ಆ ಹಾಲಲ್ಲಿರುವ ಎನ್‌ಝೈಮೇ ಪಪೈನ್.

ಮೊದಲು ಇನ್ಹಿಬಿಟರ್ ಇಲ್ಲದ ಗೆರೆ ನೋಡಿ

ಇನ್ಹಿಬಿಟರ್ ಸರಿ ಇಲ್ಲ ಅಂತ ಅನ್ಸಿದ ಕೂಡ್ಲೆ ಎಲ್ರೂ ಇನ್ಹಿಬಿಟರ್ ಟ್ಯೂಬನ್ನೇ ತೆಗೆದು ನೋಡುದು. ಅದನ್ನು ಮುಟ್ಬೇಡಿ. ಇನ್ಹಿಬಿಟರ್ ಹಾಕದ ವೆಲ್ಲಿನ (ಪ್ಲೇಟಿನ ಗುಳಿಯ) ಗೆರೆ ನೋಡಿ, ಬರೀ ಪಪೈನ್, ಬಫರ್, ಸಬ್‌ಸ್ಟ್ರೇಟ್ (ಪಪೈನ್ ಕತ್ತರಿಸುವ ವಸ್ತು, ಕತ್ತರಿಸಿದಷ್ಟು ಹೊಳಪು ಏರ್ತದೆ). ಹತ್ತು ಹದಿನೈದು ನಿಮಿಷ ಅದು ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಹೋಗ್ಬೇಕು. ಮಧ್ಯದಲ್ಲಿ ಬಗ್ಗಿದ್ರೆ ಪಪೈನ್ ತನ್ನಷ್ಟಕ್ಕೆ ಸಾಯ್ತಾ ಉಂಟು ಅಂತ ಅರ್ಥ, ಇಲ್ಲದಿದ್ರೆ ಸಬ್‌ಸ್ಟ್ರೇಟ್ ಮುಗೀತಾ ಉಂಟು.

ಪಪೈನ್ ಸಾಯುದಕ್ಕೆ ನಮ್ಮಲ್ಲಿ ಕಂಡ ದೊಡ್ಡ ಕಾರಣ ಹಳತಾದ ಡಿಟಿಟಿ, ಅಂದ್ರೆ ಆಕ್ಸಿಜನಿಂದ ಕಾಪಾಡ್ಲಿಕ್ಕೆ ಹಾಕುವ ರಾಸಾಯನಿಕ. ಪಪೈನಿನ ಕೆಲಸ ಮಾಡುವ ಜಾಗದಲ್ಲಿ 25ನೇ ನಂಬರಿನ ಸಿಸ್ಟೀನ್ ಉಂಟು, ಅದರ ಗಂಧಕಕ್ಕೆ ಗಾಳಿಯ ಆಕ್ಸಿಜನ್ ತಾಗಿದ್ರೆ ಆಗುದಿಲ್ಲ, ಅದಕ್ಕೇ 1ರಿಂದ 5 ಮಿಲಿಮೋಲಾರ್ ಡಿಟಿಟಿ ಮತ್ತೆ 1 ಅಥವಾ 2 ಮಿಲಿಮೋಲಾರ್ ಇಡಿಟಿಎ (ಲೋಹದ ಅಂಶ ಹಿಡ್ಕೊಳ್ಳುವಂಥದ್ದು) ಹಾಕಿ, ಪಿಎಚ್ ಸುಮಾರು 6.5ರ ಫಾಸ್ಫೇಟ್ ಬಫರಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು ಎಬ್ಬಿಸ್ಬೇಕು. ಡಿಟಿಟಿ ಸೊಲ್ಯೂಶನ್ ಮಾತ್ರ ಬಾಳುದಿಲ್ಲ, 20 ಡಿಗ್ರಿಯಲ್ಲಿ ಪಿಎಚ್ 6.5 ಆದ್ರೆ ಅದರ ಅರ್ಧ ಹೋಗ್ಲಿಕ್ಕೆ 40 ಗಂಟೆ, ಪಿಎಚ್ 8.5 ಆದ್ರೆ ಒಂದೂವರೆ ಗಂಟೆಯೊಳಗೇ ಅರ್ಧ ಖಾಲಿ. ಸೋಮವಾರ ಮಾಡಿದ ಬಫರನ್ನು ಗುರುವಾರ ತೆಗೆದು ಉಪಯೋಗಿಸ್ತಾರೆ, ನಾನೂ ಮಾಡಿದ್ದೇನೆ, ಆ ದಿನದ ಡೇಟಾ ಒಂದೂ ಕೆಲಸಕ್ಕೆ ಬರ್ಲಿಲ್ಲ. ಬೆಳಿಗ್ಗೆ ಫ್ರೆಶ್ ಆಗಿ ತೂಗಿ ಮಾಡಿ. ನಮ್ಮ ಮಳೆಗಾಲದಲ್ಲಿ ಡಿಟಿಟಿ ಪುಡಿ ಸಹ ನೀರೆಳೆದು ಗಂಟಾಗ್ತದೆ, ಫ್ರಿಜ್ಜಿಂದ ತೆಗೆದ ಕೂಡ್ಲೆ ಬಾಟಲಿ ಬಿಚ್ಬಾರ್ದು, ರೂಮಿನ ಬಿಸಿಗೆ ಬರ್ಲಿಕ್ಕೆ ಬಿಟ್ಟು ಮತ್ತೆ ಬಿಚ್ಚಿ.

ಸಬ್‌ಸ್ಟ್ರೇಟ್ ಬಗ್ಗೆ ಜಾಸ್ತಿ ಹೇಳ್ಲಿಕ್ಕಿಲ್ಲ. ಫೆನೈಲಾಲನಿನ್-ಆರ್ಜಿನಿನ್-ಎಎಂಸಿ, ಡಿಎಂಎಸ್‌ಒದಲ್ಲಿ ಕರಗಿಸಿದ್ದು, ಕತ್ತರಿಸಿದಾಗ ಎಎಂಸಿ ಬಿಡುಗಡೆ ಆಗಿ 380 ನ್ಯಾನೊಮೀಟರ್ ಬೆಳಕು ಬಿದ್ರೆ 460ರಲ್ಲಿ ಹೊಳೀತದೆ. ಎನ್‌ಝೈಮ್ ಇಲ್ಲದ ವೆಲ್ಲೇ ಶುರುವಿಂದ ಹೊಳೀತಾ ಇದ್ರೆ ಸ್ಟಾಕ್ ಹಳತಾಗಿದೆ, ಹೊಸದು ಮಾಡಿ, ಅಷ್ಟೇ.

ಇನ್ನೊಂದು, ಯಾವ ಎನ್‌ಝೈಮ್ ಮೇಲೆ ಪರೀಕ್ಷೆ ಮಾಡ್ತಾ ಇದ್ದೀರಿ ಅಂತ ಒಮ್ಮೆ ಲೇಬಲ್ ಓದಿ. ಸಿಸ್ಟಾಟಿನ್ ಸಿ ಪಪೈನ್, ನಮ್ಮ ಸೆಲ್ಲೊಳಗಿನ ಎನ್‌ಝೈಮ್‌ಗಳಾದ ಕ್ಯಾಥೆಪ್ಸಿನ್ ಬಿ, ಎಲ್, ಎಸ್, ಎಚ್ ಇವನ್ನು ನಿಲ್ಲಿಸ್ತದೆ. ಟ್ರಿಪ್ಸಿನನ್ನು ನಿಲ್ಲಿಸುದಿಲ್ಲ, ಕ್ಯಾಥೆಪ್ಸಿನ್ ಡಿಯನ್ನೂ ಇಲ್ಲ, ಅವುಗಳ ಜಾತಿಯೇ ಬೇರೆ. ಸೆಲ್ ಲೈಸೇಟಲ್ಲಿ (ಒಡೆದ ಸೆಲ್ಲಿನ ರಸದಲ್ಲಿ) ಕೆಲಸ ಮಾಡುವವರಿಗೆ ಇದು ಮುಖ್ಯ, ಯಾಕಂದ್ರೆ ಇದೇ ಸಬ್‌ಸ್ಟ್ರೇಟನ್ನು ಟ್ರಿಪ್ಸಿನ್ ಥರದ ಎನ್‌ಝೈಮ್‌ಗಳೂ ಕತ್ತರಿಸ್ತವೆ, ಎಷ್ಟು ಸಿಸ್ಟಾಟಿನ್ ಹಾಕಿದ್ರೂ ಸ್ವಲ್ಪ ಆಕ್ಟಿವಿಟಿ ಉಳಿದೇ ಉಳೀತದೆ. ಪಕ್ಕದ ವೆಲ್ಲಿಗೆ ಸಿಸ್ಟೀನ್ ಪ್ರೊಟಿಯೇಸನ್ನು ನಿಲ್ಲಿಸುವ ಇ-64 ಹಾಕಿ ನೋಡಿ, ಅದ್ರಲ್ಲೂ ಅಷ್ಟೇ ಉಳಿದ್ರೆ ಉಳಿದದ್ದು ಸಿಸ್ಟೀನ್ ಪ್ರೊಟಿಯೇಸ್ ಅಲ್ಲ, ನಿಮ್ಮ ಇನ್ಹಿಬಿಟರಿಗೂ ಅದಕ್ಕೂ ಸಂಬಂಧ ಇಲ್ಲ.

ತೂಕ ನಂಬ್ಬೇಡಿ, ಜೀವ ಇರುವ ಮಾಲಿಕ್ಯೂಲ್ ಲೆಕ್ಕ ಹಾಕಿ

ಹುಡುಗಿಯ ಗೆರೆ ನೇರ ಇತ್ತು, ಸಬ್‌ಸ್ಟ್ರೇಟ್ ಸರಿ ಇತ್ತು. ಹಾಗಾದ್ರೆ ಎಂತ ಬದಲಾಗಿದೆ ಅಂತ ನೋಟ್‌ಬುಕ್ ತಿರುಗಿಸಿದಾಗ ಸಿಕ್ಕಿದ್ದು ಒಂದೇ ಸಾಲು, ಪಪೈನಿನ ಹಳೆ ಬಾಟಲಿ ಮುಗಿದು ಹೊಸ ಬಾಟಲಿ ತೆಗೆದಿದ್ಲು. ಎರಡರಲ್ಲೂ ತೂಕ ನೋಡಿ, 23.4 ಕಿಲೊಡಾಲ್ಟನ್ ಅಂತ ಭಾಗಿಸಿ, 10 ನ್ಯಾನೊಮೋಲಾರ್ ಅಂತ ಬರ್ದದ್ದು. ಬಾಟಲಿಯ ಪುಡಿಯಲ್ಲಿ ಎಷ್ಟು ಪಪೈನ್ ಉಂಟು, ಆ ಪಪೈನಲ್ಲಿ ಎಷ್ಟಕ್ಕೆ ಜೀವ ಉಂಟು ಅಂತ ತೂಕ ಹೇಳುದಿಲ್ಲ.

ಅದಕ್ಕೆ ಇ-64 ಟೈಟ್ರೇಶನ್. ಇ-64 ಅಂದ್ರೆ ಆಸ್ಪರ್ಜಿಲ್ಲಸ್ ಜಪೋನಿಕಸ್ ಅಂತ ಒಂದು ಬೂಷ್ಟಿಂದ ಸಿಕ್ಕಿದ ಸಣ್ಣ ಮಾಲಿಕ್ಯೂಲ್, ತೂಕ 357, ಜೀವ ಇರುವ ಒಂದು ಪಪೈನಿಗೆ ಒಂದು ಇ-64 ಹೋಗಿ ಅಂಟಿದ್ರೆ ಮತ್ತೆ ಬಿಡುವ ಪ್ರಶ್ನೆ ಇಲ್ಲ, ಜೀವ ಇಲ್ಲದ ಪಪೈನಿಗೆ ಅದು ಅಂಟುದೇ ಇಲ್ಲ. ಹಾಗಾಗಿ ಎಷ್ಟು ಇ-64 ಹಾಕಿದಾಗ ಆಕ್ಟಿವಿಟಿ ಸೊನ್ನೆ ಆಗ್ತದೋ ಅಷ್ಟೇ ಜೀವಂತ ಪಪೈನ್. ಮಾಡುವಾಗ ಒಂದು ಜಾಗ್ರತೆ, ಇದನ್ನು 10 ನ್ಯಾನೊಮೋಲಾರಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ, ಅಷ್ಟು ತೆಳ್ಳಗಿದ್ರೆ ಇ-64 ಹೋಗಿ ಸೇರ್ಲಿಕ್ಕೆ ತುಂಬ ಹೊತ್ತು ತಗೊಳ್ತದೆ. ತೂಕದ ಲೆಕ್ಕದಲ್ಲಿ 1 ಮೈಕ್ರೊಮೋಲಾರ್ ಪಪೈನ್ ಎಬ್ಬಿಸಿ ಇಟ್ಟು, ಬೇರೆ ಬೇರೆ ಟ್ಯೂಬಿಗೆ ಸೊನ್ನೆಯಿಂದ 1.2 ಮೈಕ್ರೊಮೋಲಾರ್ ವರೆಗೆ ಇ-64 ಹಾಕಿ, ಅರ್ಧ ಗಂಟೆ ಬಿಟ್ಟು, ಮತ್ತೆ ನೂರು ಪಟ್ಟು ಡೈಲ್ಯೂಟ್ ಮಾಡಿ ಸಬ್‌ಸ್ಟ್ರೇಟಿಗೆ ಹಾಕುದು. ಚುಕ್ಕೆಗಳು ನೇರ ಇಳೀತಾ ಬರ್ತವೆ, ಕೆಳಗಿನ ಅಕ್ಷಕ್ಕೆ ಎಲ್ಲಿ ತಾಗ್ತದೆ ಅಂತ ನೋಡುದು.

ಹೊಸ ಬಾಟಲಿಯದ್ದು 0.84ರಲ್ಲಿ ತಾಗಿತು. ಅಂದ್ರೆ ನೂರಕ್ಕೆ 84 ಜೀವಂತ, ಚಂದದ ಎನ್‌ಝೈಮ್. ಹಳೆ ಬಾಟಲಿಯ ತಳದಲ್ಲಿ ಸ್ವಲ್ಪ ಪುಡಿ ಉಳಿದಿತ್ತು, ಅದನ್ನೂ ಮಾಡಿದೆವು, ಅದು 0.42ರಲ್ಲೇ ತಾಗಿತು. ನಂಬರ್ ನೋಡಿ ಹುಡುಗಿ ಕೂತಲ್ಲಿಂದ ಎದ್ದು ನಿಂತ್ಲು, ನನಗೂ ಆಗಲೇ ಹೊಳೆದದ್ದು.

ಲೆಕ್ಕ ನೋಡಿ. ಹಿಂದಿನ ತಿಂಗಳು ನಾವು 10 ಅಂದ್ಕೊಂಡ ಪಪೈನ್ ನಿಜಕ್ಕೂ 4.2 ಇದ್ದದ್ದು. ಅದನ್ನು ನಿಲ್ಲಿಸ್ಲಿಕ್ಕೆ ಹತ್ತಿರ ಹತ್ತಿರ 10 ಸಿಸ್ಟಾಟಿನ್ ಬೇಕಾಯ್ತು, ನಾವು ಒಂದಕ್ಕೊಂದು ಸರಿ ಬಂತು ಅಂತ ಖುಷಿಪಟ್ಟೆವು. ಅಂದ್ರೆ ಆಗಲೇ ನಮ್ಮ ಸಿಸ್ಟಾಟಿನಲ್ಲಿ ಅರ್ಧಕ್ಕಿಂತ ಕಮ್ಮಿಗೆ ಜೀವ ಇತ್ತು! ಅರ್ಧ ಸತ್ತ ಎನ್‌ಝೈಮೂ ಅರ್ಧ ಸತ್ತ ಇನ್ಹಿಬಿಟರೂ ಸೇರಿ ಲೆಕ್ಕ ಸಮ ಮಾಡಿದ್ವು. ಈಗ ಪಪೈನ್ 8.4 ಆಯ್ತು, ನಮ್ಮ 10 ಸಿಸ್ಟಾಟಿನಲ್ಲಿ ಜೀವ ಇದ್ದದ್ದು 4.5, ಉಳಿಯುದು 3.9, ಅದು 8.4ರಲ್ಲಿ ನೂರಕ್ಕೆ 46, ಅವಳ ಗ್ರಾಫಲ್ಲಿ ಬಂದ ನಂಬರೇ ಅದು. ಕರೆಂಟ್ ಹೋದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಒಳ್ಳೆ ಎನ್‌ಝೈಮ್ ಬಂದ ಕಾರಣ ಹಳೆ ತಪ್ಪು ಹೊರಗೆ ಬಿತ್ತು. ಇನ್ಹಿಬಿಟರ್ "ಈಗ ಹಾಳಾಯ್ತು" ಅಂತ ಅನ್ಸುವವರೆಲ್ಲ ಇದನ್ನು ಮನಸ್ಸಲ್ಲಿಟ್ಕೊಳ್ಳಿ, ಅದು ಹುಟ್ಟುವಾಗಲೇ ಹಾಳಾಗಿದ್ದಿರ್ಬಹುದು.

ಇಲ್ಲೇ ಐಸಿ 50, ಅಂದ್ರೆ ಎನ್‌ಝೈಮನ್ನು ಅರ್ಧ ನಿಲ್ಲಿಸ್ಲಿಕ್ಕೆ ಎಷ್ಟು ಇನ್ಹಿಬಿಟರ್ ಬೇಕು ಅನ್ನುವ ನಂಬರ್, ಅದರ ಬಗ್ಗೆ ಹೇಳಿಬಿಡ್ತೇನೆ, ಇದ್ರಲ್ಲಿ ಎಲ್ರೂ ಜಾರ್ತಾರೆ. ಸಿಸ್ಟಾಟಿನ್ ಸಿ ಪಪೈನನ್ನು ಹಿಡಿಯುವ ಬಿಗಿ ಫೆಮ್ಟೊಮೋಲಾರ್ ಮಟ್ಟದ್ದು, ನ್ಯಾನೊಗಿಂತ ಲಕ್ಷಗಟ್ಟಲೆ ಪಟ್ಟು ಬಿಗಿ. ಇಷ್ಟು ಬಿಗಿಯಾಗಿ ಹಿಡಿಯುವಾಗ ಐಸಿ 50 ಅನ್ನುದು ಇನ್ಹಿಬಿಟರಿನ ಶಕ್ತಿ ಹೇಳುದಿಲ್ಲ, ನೀವು ಎಷ್ಟು ಎನ್‌ಝೈಮ್ ಹಾಕಿದ್ರಿ ಅಂತ ಹೇಳ್ತದೆ, ಯಾಕಂದ್ರೆ 8 ಎನ್‌ಝೈಮಲ್ಲಿ ಅರ್ಧ ನಿಲ್ಲಿಸ್ಲಿಕ್ಕೆ ಕಮ್ಮಿ ಅಂದ್ರೂ 4 ಇನ್ಹಿಬಿಟರ್ ಬೇಕೇ ಬೇಕು. ಎನ್‌ಝೈಮ್ ಅರ್ಧ ಮಾಡಿ ನೋಡಿ, ಐಸಿ 50 ಸಹ ಅರ್ಧ ಆದ್ರೆ ನೀವು ನೋಡ್ತಾ ಇರುದು ತಲೆಲೆಕ್ಕ ಮಾತ್ರ. ಪೇಪರಲ್ಲಿ ಇಷ್ಟು ಬಂದಿದೆ ನನಗೆ ಅಷ್ಟು ಬಂತು ಅಂತ ಬೇಜಾರು ಮಾಡ್ಲಿಕ್ಕೆ ಹೋಗ್ಬೇಡಿ. ಕ್ಯಾಥೆಪ್ಸಿನ್ ಬಿ ಆದ್ರೆ ಹಿಡಿತ ಸಡಿಲ, ನ್ಯಾನೊಮೋಲಾರಿನ ಕಾಲು ಭಾಗದಷ್ಟು, ಅಲ್ಲಿ ಗೆರೆ ಕೊನೆಗೆ ಬಗ್ಗುದು ಸಹಜ.

ಎನ್‌ಝೈಮ್ ಮತ್ತೆ ಇನ್ಹಿಬಿಟರ್ ಮೊದಲು ಸೇರಿಸಿ, 15ರಿಂದ 20 ನಿಮಿಷ ಬಿಟ್ಟು, ಸಬ್‌ಸ್ಟ್ರೇಟನ್ನು ಕೊನೆಗೆ ಹಾಕ್ಬೇಕು. ಉಲ್ಟಾ ಮಾಡಿದ್ರೆ ಶುರುವಲ್ಲಿ ಓಡಿ ಮತ್ತೆ ನಿಧಾನ ಆಗುವ ಗೆರೆ ಬರ್ತದೆ, ಅದನ್ನು ನೋಡಿ ಇನ್ಹಿಬಿಟರ್ ದುರ್ಬಲ ಅಂತ ಹೇಳಿದವರಿದ್ದಾರೆ.

ಪಪೈನ್ ಕೊಳ್ಳುವಾಗ ಸಹ ನೋಡಿ, ಮಾಂಸ ಮೆತ್ತಗೆ ಮಾಡುವ ಕಚ್ಚಾ ಪಪೈನ್ ತರ್ಬೇಡಿ. ಬಪ್ಪಂಗಾಯಿ ಹಾಲಲ್ಲಿ ಪಪೈನ್ ಒಂದೇ ಅಲ್ಲ, ಕೈಮೊಪಪೈನ್, ಕ್ಯಾರಿಕೇನ್, ಗ್ಲೈಸಿಲ್ ಎಂಡೊಪೆಪ್ಟಿಡೇಸ್ ಅಂತ ಇನ್ನೂ ಉಂಟು, ಅದ್ರಲ್ಲಿ ಕೊನೆಯದ್ದು ಸಿಸ್ಟಾಟಿನಿಗೆ ಬಗ್ಗುದಿಲ್ಲ, ತಿರುಗಿ ಸಿಸ್ಟಾಟಿನನ್ನೇ ಕತ್ತರಿಸ್ತದೆ. ನಿಮ್ಮ ಇನ್ಹಿಬಿಟರನ್ನು ನಿಮ್ಮ ಎನ್‌ಝೈಮ್ ಬಾಟಲಿಯೇ ತಿಂತಾ ಇರ್ತದೆ, ನೀವು ಕಂಪೆನಿಗೆ ಮೇಲ್ ಹಾಕ್ತಾ ಇರ್ತೀರಿ.

ಈಗ ಇನ್ಹಿಬಿಟರ್ ಟ್ಯೂಬ್ ತೆಗೀರಿ

ಸಿಸ್ಟಾಟಿನಲ್ಲಿ ನೂರಕ್ಕೆ 45 ಮಾತ್ರ ಜೀವಂತ ಅಂತ ಆಯ್ತು. ಬಾಕಿ 55 ಎಲ್ಲಿ ಹೋಯ್ತು? ಮೂರು ದಾರಿ ಉಂಟು: ಟ್ಯೂಬಲ್ಲಿ ಅಷ್ಟು ಇಲ್ಲವೇ ಇಲ್ಲ, ಇದ್ದದ್ದು ತುಂಡಾಗಿದೆ, ಇಲ್ಲದಿದ್ರೆ ಪೂರ್ತಿ ಇದ್ದೂ ಆಕಾರ ಬದಲಾಗಿದೆ.

ಇಲ್ಲವೇ ಇಲ್ಲ ಅನ್ನುದು ಹೆಚ್ಚಾಗಿ ಪ್ಲಾಸ್ಟಿಕಿನ ಕೆಲಸ. ಹೊರಗಿಂದ ಬಂದ ವಯಲಲ್ಲಿ 50 ಮೈಕ್ರೊಗ್ರಾಂ ಇದ್ರೆ 500 ಮೈಕ್ರೊಲೀಟರಲ್ಲಿ ಕರಗಿಸಿದಾಗ ಸುಮಾರು 7.5 ಮೈಕ್ರೊಮೋಲಾರ್ ಆಯ್ತು, ಅದನ್ನು ಬರೀ ಬಫರಲ್ಲಿ ನ್ಯಾನೊಮೋಲಾರಿಗೆ ಇಳಿಸಿದ್ರೆ ದೊಡ್ಡ ಪಾಲು ಟ್ಯೂಬಿನ ಗೋಡೆಗೇ ಅಂಟಿ ಕೂರ್ತದೆ. ಗೋಡೆಗೆ ಅಂಟದ ಹಾಗೆ ಡೈಲ್ಯೂಶನ್ ಬಫರಿಗೆ ನೂರಕ್ಕೆ 0.01 ಬ್ರಿಜ್-35 ಅಥವಾ 0.1 ಬಿಎಸ್‌ಎ ಹಾಕಿ ಮತ್ತೆ ಮಾಡಿ, ಫಲಿತಾಂಶ ಬದಲಾದ್ರೆ ತಪ್ಪು ಅಲ್ಲೇ. ನಮ್ಮದು ಬದಲಾಗ್ಲಿಲ್ಲ. ವಯಲ್ ಬಿಚ್ಚುವ ಮೊದಲು ಒಮ್ಮೆ ಸ್ಪಿನ್ ಮಾಡ್ಲಿಕ್ಕೆ ಮರೀಬೇಡಿ, ಆ ಪುಡಿ ಮುಚ್ಚಳದಲ್ಲೇ ಅಂಟಿರ್ತದೆ. ಕ್ಯಾರಿಯರ್ ಬಿಎಸ್‌ಎ ಹಾಕಿದ ವಯಲ್ ಆದ್ರೆ 280ರಲ್ಲಿ ಓದಿ ಪ್ರೊಟೀನ್ ಅಳೀಬೇಡಿ, ಅದು ಬಿಎಸ್‌ಎಯದ್ದೇ ಲೆಕ್ಕ, ಜೆಲ್ಲಲ್ಲೂ 66 ಕಿಲೊಡಾಲ್ಟನ್ ಹತ್ತಿರ ದಪ್ಪ ಬ್ಯಾಂಡ್ ಕಂಡ್ರೆ ಹೆದರ್ಬೇಡಿ.

ತುಂಡಾದದ್ದು ಗೊತ್ತಾಗ್ಲಿಕ್ಕೆ ನೂರಕ್ಕೆ 15ರ ಎಸ್‌ಡಿಎಸ್ ಜೆಲ್, ಪ್ರೊಟೀನನ್ನು ಬಿಚ್ಚಿ ತೂಕದ ಪ್ರಕಾರ ಬೇರೆ ಮಾಡುವಂಥದ್ದು. ಸಿಸ್ಟಾಟಿನಿನ ಎನ್ ತುದಿ (ಅಮೈನೊ ಆಸಿಡ್ ಸಾಲು ಶುರುವಾಗುವ ತುದಿ) ಸಡಿಲ ಬಾಲದ ಹಾಗೆ ಉಂಟು, 10ನೇ ವ್ಯಾಲಿನ್ ಮತ್ತೆ 11ನೇ ಗ್ಲೈಸಿನ್ ಮಧ್ಯೆ ಇಲಾಸ್ಟೇಸ್ ಅಂತ ಒಂದು ಎನ್‌ಝೈಮ್ ಅದನ್ನು ಕತ್ತರಿಸ್ತದೆ, ಹಾಗಾದ್ರೆ ಬ್ಯಾಂಡ್ ಸುಮಾರು 1 ಕಿಲೊಡಾಲ್ಟನ್ ಕೆಳಗೆ ಇಳೀತದೆ. ಬಾಲ ಹೋದ ಸಿಸ್ಟಾಟಿನ್ ಪಪೈನನ್ನು ಇನ್ನೂ ಬಿಗಿಯಾಗೇ ಹಿಡೀತದೆ, ಕ್ಯಾಥೆಪ್ಸಿನ್ ಬಿ ಮೇಲೆ ಮಾತ್ರ ಹಿಡಿತ ತುಂಬ ಸಡಿಲ ಆಗ್ತದೆ. ಪಪೈನಲ್ಲಿ ಪಾಸ್ ಆಗಿ ಕ್ಯಾಥೆಪ್ಸಿನ್ ಬಿಯಲ್ಲಿ ಫೇಲ್ ಆದ್ರೆ ಈ ಬಾಲವನ್ನೇ ಸಂಶಯ ಮಾಡಿ.

ನಮ್ಮ ಜೆಲ್ ನೋಡಿದ್ರೆ ಒಂದೇ ಬ್ಯಾಂಡ್, ಟ್ಯಾಗ್ ಸೇರಿ ಎಲ್ಲಿ ಬರ್ಬೇಕೋ ಅಲ್ಲೇ, ಕನ್ನಡಿ ಹಾಗೆ ಕ್ಲೀನ್. ಹುಡುಗಿ ಮತ್ತೆ ಬೇಜಾರಾದ್ಲು, ಎಲ್ಲ ಸರಿ ಉಂಟು ಆದ್ರೂ ಕೆಲಸ ಮಾಡುದಿಲ್ಲ ಅಂದ್ರೆ ಎಂತ ಅಂತ.

ಇಲ್ಲೇ ಮೂರನೇ ದಾರಿ. ಸಿಸ್ಟಾಟಿನ್ ಸಿಗೆ ಒಂದು ಗುಣ ಉಂಟು, ಬಿಸಿಗೋ, ಪ್ರೊಟೀನ್ ಬಿಚ್ಚುವ ಗ್ವಾನಿಡಿನ್ ಸ್ವಲ್ಪಕ್ಕೋ ಸಿಕ್ಕಿ ಅರ್ಧ ಬಿಚ್ಚಿಕೊಂಡ್ರೆ ಎರಡು ಮಾಲಿಕ್ಯೂಲ್ ತಮ್ಮ ಒಂದೊಂದು ಭಾಗ ಅದಲು ಬದಲು ಮಾಡ್ಕೊಂಡು ಜೋಡಿಯಾಗಿ ಮಡಚಿಕೊಳ್ತವೆ. ಡೊಮೈನ್ ಸ್ವಾಪ್ಡ್ ಡೈಮರ್ ಅಂತ ಹೇಳುದು, 2001ರಲ್ಲಿ ಕ್ರಿಸ್ಟಲಲ್ಲಿ ಇದರ ಆಕಾರ ಕಂಡದ್ದು. ಹಾಗೆ ಜೋಡಿ ಆದಾಗ ಪಪೈನಿಗೆ ಹೋಗಿ ಕೂರುವ ಜಾಗವೇ ಕೆಡ್ತದೆ, ಪಪೈನ್ ಕುಟುಂಬದ ಯಾವುದನ್ನೂ ನಿಲ್ಲಿಸುದಿಲ್ಲ. ಐಸ್‌ಲ್ಯಾಂಡಿನ ಕೆಲವು ಮನೆತನಗಳಲ್ಲಿ 68ನೇ ಲ್ಯೂಸಿನ್ ಗ್ಲೂಟಮಿನ್ ಆಗಿ ಬದಲಾದ ಸಿಸ್ಟಾಟಿನ್ ಉಂಟು, ಅದು ಮೈಯ ಬಿಸಿಯಲ್ಲೇ ಸುಲಭದಲ್ಲಿ ಡೈಮರ್ ಆಗ್ತದೆ, ಮೆದುಳಿನ ರಕ್ತನಾಳದಲ್ಲಿ ಅಮೈಲಾಯ್ಡ್ (ಕರಗದ ಪ್ರೊಟೀನ್ ಗಂಟು) ಆಗಿ ಕೂತು ಸಣ್ಣ ಪ್ರಾಯದಲ್ಲೇ ಮೆದುಳಲ್ಲಿ ರಕ್ತಸ್ರಾವ ಆಗ್ತದೆ. ನಾವು ಟ್ಯೂಬಲ್ಲಿ ನೋಡ್ತಾ ಇದ್ದದ್ದು ಅದೇ ಸಂಗತಿಯ ಸಣ್ಣ ರೂಪ ಅಂತ ನೆನೆಸಿದ್ರೆ ನನಗೆ ಈಗಲೂ ಒಂಥರ ಆಗ್ತದೆ.

ಜೆಲ್ಲಲ್ಲಿ ಯಾಕೆ ಕಾಣ್ಲಿಲ್ಲ? ಆ ಜೋಡಿಯಲ್ಲಿ ಒಂದಕ್ಕೊಂದು ರಾಸಾಯನಿಕ ಬಂಧ ಇಲ್ಲ, ಮಡಚಿಕೊಂಡದ್ದು ಮಾತ್ರ. ಎಸ್‌ಡಿಎಸ್ ಹಾಕಿ ಕುದಿಸಿದ ಕೂಡ್ಲೆ ಎರಡೂ ಬಿಚ್ಚಿ ಬೇರೆಯಾಗಿ 13ರ ಹತ್ತಿರವೇ ಬರ್ತವೆ. ಡಿಟಿಟಿ ಹಾಕದೆ ಓಡಿಸಿದ್ರೂ ಅಷ್ಟೇ. ಕ್ಲೀನ್ ಜೆಲ್ ನೋಡಿ ಪ್ರೊಟೀನ್ ಒಳ್ಳೆದುಂಟು ಅಂತ ಸರ್ಟಿಫಿಕೇಟ್ ಕೊಡ್ಲಿಕ್ಕಾಗುದಿಲ್ಲ. ಜೆಲ್ ಫಿಲ್ಟ್ರೇಶನ್ ಮಾಡ್ಬೇಕು, ಅಂದ್ರೆ ಬಿಚ್ಚದೆ ಗಾತ್ರದ ಪ್ರಕಾರ ಬೇರೆ ಮಾಡುದು, ಸೂಪರ್‌ಡೆಕ್ಸ್ 75 ಕಾಲಂ ಸಾಕು. ನಾವು ಓಡಿಸಿದಾಗ ಎರಡು ಗುಡ್ಡೆ ಬಂತು, ಮೊದಲು ಡೈಮರ್, ಹಿಂದೆ ಮೊನೊಮರ್ (ಒಂಟಿ ಮಾಲಿಕ್ಯೂಲ್), ಮೊದಲಿನದ್ದು ಸ್ವಲ್ಪ ದೊಡ್ಡದು. ಎರಡನ್ನೂ ಬೇರೆ ಬೇರೆ ಹಿಡಿದು ಪಪೈನಿಗೆ ಹಾಕಿದೆವು, ಮೊದಲಿನದ್ದಕ್ಕೆ ಪಪೈನ್ ಕ್ಯಾರೇ ಅನ್ಲಿಲ್ಲ, ಎರಡನೇದು ಒಂದಕ್ಕೊಂದು ಹಿಡೀತು.

ಕಾರಣ ನೋಟ್‌ಬುಕ್ಕಲ್ಲೇ ಇತ್ತು. ಬ್ಯಾಚ್ ಮಾಡಿದ ಸೀನಿಯರ್, ಹಿಸ್ ಟ್ಯಾಗ್ ಹಿಡಿಯುವ ನಿಕಲ್ ಕಾಲಂ ಆದ ಮೇಲೆ 75 ಡಿಗ್ರಿಯಲ್ಲಿ 15 ನಿಮಿಷ ಇಟ್ಟು ಸ್ಪಿನ್ ಮಾಡಿದ್ದು ಬರ್ದಿತ್ತು, ಈ. ಕೋಲಿಯ ಬೇರೆ ಪ್ರೊಟೀನ್ ಮೊಸರಾಗಿ ಕೆಳಗೆ ಕೂರ್ಲಿ ಅಂತ. ಗಿಡದ ಸಿಸ್ಟಾಟಿನಿಗೆ ಮಾಡುವ ಉಪಾಯ ಅದು, ಅವು ಬಿಸಿ ತಡೀತವೆ, ಹೆಸರು ಒಂದೇ ಅಂತ ಮನುಷ್ಯನ ಸಿಸ್ಟಾಟಿನ್ ಸಿಗೂ ಮಾಡಿದ್ದು. ಪ್ರೊಟೀನ್ ಮೊಸರಾಗ್ಲಿಲ್ಲ, ಕರಗಿಯೇ ಇತ್ತು, ಹಾಗಾಗಿ ಯಾರಿಗೂ ಸಂಶಯ ಬರ್ಲಿಲ್ಲ, ಒಳಗೆ ಅರ್ಧಕ್ಕಿಂತ ಜಾಸ್ತಿ ಡೈಮರ್ ಆಗಿತ್ತು. ಸೀನಿಯರನ್ನು ದೂರುದಿಲ್ಲ, ಜೆಲ್ ನೋಡಿದ ಯಾರೇ ಆದ್ರೂ ಒಳ್ಳೆ ಕೆಲಸ ಅಂತ ಹೇಳ್ತಿದ್ರು.

ಡೈಮರನ್ನು ಬಿಚ್ಚಿ ಸರಿ ಮಾಡುದಕ್ಕಿಂತ ಹೊಸದಾಗಿ ಮಾಡುದೇ ಸುಲಭ. ಬಿಸಿ ಮಾಡುವ ಸ್ಟೆಪ್ ಕಿತ್ತು ಹಾಕಿ, ನಿಕಲ್ ಕಾಲಂ ಆದ ಮೇಲೆ ನೇರ ಸೂಪರ್‌ಡೆಕ್ಸಿಗೆ ಹಾಕಿ ಮೊನೊಮರ್ ಗುಡ್ಡೆ ಮಾತ್ರ ಹಿಡಿದು, 20 ಮೈಕ್ರೊಲೀಟರಿನ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿ ಇಟ್ಟೆವು. ಒಂದು ಪಾಲು ಒಂದು ದಿನಕ್ಕೆ, ಉಳಿದದ್ದು ತಿರುಗಿ ಫ್ರೀಜರಿಗೆ ಹೋಗ್ಲಿಕ್ಕಿಲ್ಲ. ಸ್ಟಾಕಿಗೆ ಡಿಟಿಟಿ ಹಾಕ್ಲಿಕ್ಕಿಲ್ಲ, ಆ ಎರಡು ಡೈಸಲ್ಫೈಡ್ ಬೇಕು, ಡಿಟಿಟಿ ಪಪೈನಿನ ಬಫರಲ್ಲಿ ಮಾತ್ರ. ತಾನಾಗಿ ಐಸ್ ಕರಗಿಸುವ ಮನೆ ಥರದ ಫ್ರೀಜರಲ್ಲಿ ಇಡ್ಬೇಡಿ, ಅದು ದಿನಾ ಬಿಸಿಯಾಗಿ ತಣ್ಣಗಾಗ್ತಾ ಇರ್ತದೆ. ಕರೆಂಟ್ ಹೋಗುವ ನಮ್ಮ ಊರಲ್ಲಿ ಇನ್ನೊಂದು ಕೆಲಸ ಮಾಡಿ, ಒಂದು ಟ್ಯೂಬಲ್ಲಿ ನೀರು ಗಟ್ಟಿಯಾಗ್ಲಿಕ್ಕೆ ಬಿಟ್ಟು ಅದರ ಮೇಲೆ ಬಣ್ಣದ ನೀರಿನ ಒಂದು ಹನಿ ಹಾಕಿ ಅದೂ ಗಟ್ಟಿಯಾದ ಮೇಲೆ ಬಾಕ್ಸಲ್ಲೇ ಇಡಿ, ಬಣ್ಣ ಕೆಳಗೆ ಇಳಿದಿದ್ರೆ ಯಾವಾಗಲೋ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಗೊತ್ತಾಗ್ತದೆ. ನಮ್ಮ ಆ ರಾತ್ರಿಯ ಬಗ್ಗೆ ಇಷ್ಟು ಚರ್ಚೆ ಆದದ್ದು ಈ ಟ್ಯೂಬ್ ಇಲ್ಲದ ಕಾರಣ.

ಹೊಸ ಬ್ಯಾಚ್ 8.4 ಪಪೈನಿಗೆ 9ರ ಹತ್ತಿರ ಬೇಕಾಯ್ತು. ಈಗ ಪ್ರತಿ ಟ್ಯೂಬಿನ ಲೇಬಲಲ್ಲಿ ಎರಡು ನಂಬರ್ ಬರೀತೇವೆ, ತೂಕದ್ದು ಒಂದು, ಇ-64ಕ್ಕೆ ಕಟ್ಟಿ ನೋಡಿದ ಜೀವದ್ದು ಒಂದು. ಡೈಮರ್ ಗುಡ್ಡೆಯನ್ನು ಬಿಸಾಡ್ಲಿಲ್ಲ, ಲೆಗುಮೇನ್ ಅಂತ ಬೇರೆ ಎನ್‌ಝೈಮನ್ನು ಸಿಸ್ಟಾಟಿನ್ ಸಿ ಇನ್ನೊಂದು ಬದಿಯಿಂದ ಹಿಡೀತದೆ, ಡೈಮರ್ ಆದ್ರೂ ಆ ಬದಿ ಕೆಡುದಿಲ್ಲ. ಹುಡುಗಿ ಅದಕ್ಕೆ ಹಸಿರು ಮುಚ್ಚಳ ಹಾಕಿ "ಪಪೈನಿಗೆ ಅಲ್ಲ" ಅಂತ ಕನ್ನಡದಲ್ಲೇ ಬರ್ದು ಇಟ್ಟಿದ್ದಾಳೆ, ಲೆಗುಮೇನ್ ಬಂದ ದಿನ ತೆಗೀಲಿಕ್ಕುಂಟು.